ಸೆಲ್ಯೂಟ್ ಹೊಡೆಯದ ಕೈ

2024ರ ಫೆಬ್ರುವರಿ 10ರಿಂದ ಮಾರ್ಚ್ 7ರವರೆಗೆ ದೇಶದ 128 ನಗರಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್, ಐಟಿಬಿಪಿ ಮುಂತಾದ ಕೇಂದ್ರ ಪಡೆಗಳಿಗೆ ಕಾನ್‌ಸ್ಟೆಬಲ್‌ಗಳನ್ನು ಆರಿಸುವ ಪರೀಕ್ಷೆ ಅದು. ಅಭ್ಯರ್ಥಿಗಳ ಸಂಖ್ಯೆ ಸುಮಾರು 48 ಲಕ್ಷ. ಹುದ್ದೆಗಳು, ಮೊದಲ ಪ್ರಕಟಣೆಯ ಪ್ರಕಾರ, 26,146. ಕನ್ನಡದ ಹುಡುಗರಿಗೆ ಇನ್ನೂ ಒಂದು ವಿಶೇಷವಿತ್ತು: ಹಿಂದಿ, ಇಂಗ್ಲಿಷಿನ ಜೊತೆ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ ಬಂತು. ಅದರಲ್ಲಿ ಕನ್ನಡವೂ ಒಂದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸರ್ಕಾರಿ ಶಾಲೆಗಳಲ್ಲಿ ಓದಿದವರು ಮೊದಲ ಸಲ ತಮ್ಮ ಭಾಷೆಯಲ್ಲೇ ಗಡಿ ಕಾಯುವ ಕೆಲಸಕ್ಕೆ ಉತ್ತರ ಬರೆದರು.

ಆದರೆ ಪರೀಕ್ಷೆಯ ಅಧಿಸೂಚನೆ ಬರುವುದು ಈಗಲೂ ಹಿಂದಿ ಮತ್ತು ಇಂಗ್ಲಿಷಿನಲ್ಲೇ. ಹತ್ತಾರು ಪುಟದ ಆ ಕಡತದಲ್ಲಿ ಎತ್ತರ, ಎದೆ, ಕಣ್ಣು, ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮಂಡಿ ಎಲ್ಲ ಆದ ಮೇಲೆ ಹಚ್ಚೆಯದೊಂದು ಪ್ಯಾರಾ ಇದೆ. ಓದದೆ ದಾಟಿಬಿಡುವಂಥ ಜಾಗದಲ್ಲಿ ಇದೆ.

ಅದು ಹೇಳುವುದು ಮೂರು ಮಾತು. ನಮ್ಮದು ಧರ್ಮನಿರಪೇಕ್ಷ ದೇಶ, ಆದ್ದರಿಂದ ಜನರ ಧಾರ್ಮಿಕ ಭಾವನೆಯನ್ನು ಗೌರವಿಸಬೇಕು, ಆದ್ದರಿಂದ ದೇವರ ಚಿತ್ರ, ಧಾರ್ಮಿಕ ಚಿಹ್ನೆ ಮತ್ತು ಹೆಸರಿನ ಹಚ್ಚೆಗೆ ಅಡ್ಡಿಯಿಲ್ಲ. (ಧರ್ಮನಿರಪೇಕ್ಷತೆಯಿಂದ ಹೊರಟು ಹನುಮಂತನ ಹಚ್ಚೆಗೆ ಬಂದು ಮುಟ್ಟುವ ಈ ತರ್ಕವನ್ನು ಬರೆದ ಅಧಿಕಾರಿ ಯಾರೋ, ಅವರಿಗೊಂದು ನಮಸ್ಕಾರ.) ಇನ್ನು ಜಾಗ: ಮುಂಗೈಯ ಒಳಮೈ, ಅದೂ ಎಡಗೈಯದು ಮಾತ್ರ, ಏಕೆಂದರೆ ಅದು ಸೆಲ್ಯೂಟ್ ಹೊಡೆಯುವ ಕೈಯಲ್ಲ. ಅಥವಾ ಅಂಗೈಯ ಹಿಂಬದಿ. ಕೊನೆಗೆ ಗಾತ್ರ: ಆ ಅಂಗದ ಕಾಲು ಭಾಗಕ್ಕಿಂತ ಚಿಕ್ಕದಿರಬೇಕು.

ಭೂಸೇನೆಯ ನಿಯಮ ಬೇರೆ. ಮೊಣಕೈ ಒಳಬದಿಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಮೈಯಲ್ಲಿ, ಮತ್ತು ಅಂಗೈಯ ಹಿಂಬದಿಯಲ್ಲಿ ಹಚ್ಚೆ ಇರಬಹುದು. ಎಡ ಬಲ ಎಂಬ ಭೇದವಿಲ್ಲ. ಶಿಸ್ತಿಗೆ ಕುಂದು ತರುವಂಥ, ಅಸಹ್ಯವಾದ ಚಿತ್ರವಿರಬಾರದು ಅಷ್ಟೆ. ಮೈಯ ಬೇರೆ ಎಲ್ಲೇ ಇದ್ದರೂ, ತೋಳು, ಎದೆ, ಬೆನ್ನು, ಕುತ್ತಿಗೆ, ಮುಂಗೈಯ ಹೊರಮೈ, ಆಯ್ಕೆ ಅಲ್ಲಿಗೇ ನಿಲ್ಲುತ್ತದೆ. ವಾಯುಪಡೆಯ ಅಗ್ನಿವೀರರಿಗೂ ಹೆಚ್ಚುಕಡಿಮೆ ಇದೇ ಅಳತೆ. ಎನ್‌ಡಿಎ ಬರೆದು ಅಧಿಕಾರಿಯಾಗಲು ಹೊರಟವರು ತಮ್ಮ ಹಚ್ಚೆಯದೇ ಪೋಸ್ಟ್‌ಕಾರ್ಡ್ ಗಾತ್ರದ ಎರಡು ಫೋಟೊ ತೆಗೆಸಿ, ಉದ್ದಗಲ, ಬಗೆ ಬರೆದು ಒಪ್ಪಿಸಬೇಕು.

ಹೀಗಾಗಿ ಬಲ ಮುಂಗೈಯ ಒಳಮೈಯಲ್ಲಿ ‘ಅಮ್ಮ’ ಎಂದು ಬರೆಸಿಕೊಂಡವನು ಸೇನೆಗೆ ಫಿಟ್, ಬಿಎಸ್‌ಎಫ್‌ಗೆ ಅನ್‌ಫಿಟ್. ಒಬ್ಬನೇ ಹುಡುಗ, ಒಂದೇ ಚರ್ಮ, ಒಂದೇ ಅಮ್ಮ.

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳನ್ನು ಹೊರಗಿನವರು ನೆನೆಯುವುದು ಅಡಿಕೆ, ಕಾಳುಮೆಣಸು, ಯಕ್ಷಗಾನದ ಜೊತೆ. ಸಮವಸ್ತ್ರದ ಊರು ಎಂದರೆ ಕನ್ನಡಿಗರ ಬಾಯಲ್ಲಿ ಬರುವ ಹೆಸರು ಕೊಡಗು. ಆದರೆ ತೋಟ ಇರುವುದು ಎಲ್ಲರ ಮನೆಯಲ್ಲೂ ಅಲ್ಲ. ಒಂದೆರಡು ಎಕರೆ ಗದ್ದೆಯ, ಅರಣ್ಯ ಅತಿಕ್ರಮಣದ ಅರ್ಜಿಯ, ಕೂಲಿಯ ಮನೆಗಳಿಂದ ಬಂದವರಿಗೆ ಪಿಯುಸಿಯ ನಂತರ ಕಾಣುವ ದಾರಿ ಎರಡು. ಒಂದು ಹುಬ್ಬಳ್ಳಿ, ಬೆಂಗಳೂರಿನ ಬಸ್ಸು. ಇನ್ನೊಂದು ಭರ್ತಿ. ಇಲ್ಲಿನವರ ಬಾಯಲ್ಲಿ ಅದು ‘ಮಿಲಿಟ್ರಿ ಭರ್ತಿ’. ಸೇನೆಯೋ, ಅರೆಸೇನೆಯೋ, ನೌಕಾಪಡೆಯೋ, ಎಲ್ಲಕ್ಕೂ ಅದೇ ಮಾತು. ಬೇರೆ ಬೇರೆ ನಿಯಮವಿದೆ ಎಂಬುದು ಮರೆತುಹೋಗಲು ಆ ಒಂದೇ ಹೆಸರೂ ಒಂದು ಕಾರಣ.

ಸೇನೆ ದೂರದ್ದೇನೂ ಅಲ್ಲ. ಘಟ್ಟ ಇಳಿದರೆ ಕಾರವಾರದಲ್ಲಿ 2005ರಿಂದ ನೌಕಾನೆಲೆ ಇದೆ. ಅದರ ಹೆಸರು ಐಎನ್‌ಎಸ್ ಕದಂಬ; ಶಿರಸಿ ತಾಲ್ಲೂಕಿನ ಬನವಾಸಿಯಿಂದ ಆಳಿದ ಮನೆತನದ ಹೆಸರು. ಯಲ್ಲಾಪುರದ ಆಚೆ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಅದೇ ಊರಿನ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ. ಸೇನೆಯ ಭರ್ತಿಗೆ ಉತ್ತರ ಕನ್ನಡ ಜಿಲ್ಲೆ ಮಂಗಳೂರಿನ ಕಚೇರಿಗೆ ಸೇರಿದ್ದು. ಅಗ್ನಿಪಥ ಯೋಜನೆ 2022ರ ಜೂನ್ 14ರಂದು ಪ್ರಕಟವಾದ ಮೇಲೆ ವಯಸ್ಸಿನ ಲೆಕ್ಕ ಬಿಗಿಯಾಯಿತು. ಸಾಮಾನ್ಯವಾಗಿ ಹದಿನೇಳೂವರೆಯಿಂದ ಇಪ್ಪತ್ತೊಂದು. ನಾಲ್ಕು ವರ್ಷದ ಸೇವೆ, ಕೊನೆಗೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನು.

ಈ ವಯಸ್ಸಿನ ಲೆಕ್ಕವನ್ನು ಹಿಡಿದು ಹಿಂದಕ್ಕೆ ಹೋದರೆ ಹಚ್ಚೆಯ ಹುಟ್ಟು ಎಲ್ಲೆಂದು ತಿಳಿಯುತ್ತದೆ. ಹದಿನೇಳೂವರೆಗೆ ಮೈದಾನಕ್ಕೆ ಬಂದವನ ಕೈಯ ಚಿತ್ರ ಹದಿಮೂರಕ್ಕೋ ಹದಿನಾಲ್ಕಕ್ಕೋ ಬಿದ್ದದ್ದು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡಕಿಬೈಲಿನ ಗದ್ದುಗೆಯಲ್ಲಿ ದೇವಿ ಕೂತಿರುವ ದಿನಗಳಲ್ಲಿ ಊರ ತುಂಬ ಅಂಗಡಿ, ತೊಟ್ಟಿಲು, ನಾಟಕದ ಡೇರೆ. ಯಾವ ದೊಡ್ಡ ಜಾತ್ರೆಯಲ್ಲೂ ಬಳೆಯಂಗಡಿಯ ಸಾಲಿನ ಕೊನೆಯಲ್ಲಿ ಒಬ್ಬ ಹಚ್ಚೆಯವನಿರುತ್ತಾನೆ. ಬ್ಯಾಟರಿಗೆ ಸಿಕ್ಕಿಸಿದ ಸಣ್ಣ ಯಂತ್ರ, ಹಸಿರುಗಪ್ಪು ಮಸಿಯ ಡಬ್ಬಿ, ಹಲಗೆಗೆ ಅಂಟಿಸಿದ ಚಿತ್ರಗಳು: ತ್ರಿಶೂಲ, ಓಂ, ಚೇಳು, ಹುಲಿಮುಖ, ಬಾಣ ಚುಚ್ಚಿದ ಹೃದಯ. ಹೆಸರಾದರೆ ಅಕ್ಷರದ ಲೆಕ್ಕ. ಗೆಳೆಯರೆದುರು ಕೈ ಚಾಚಿದ ಹುಡುಗನನ್ನು ಅವನು ವಯಸ್ಸು ಕೇಳುವುದಿಲ್ಲ, ಎಡವೋ ಬಲವೋ ಎಂದೂ ಕೇಳುವುದಿಲ್ಲ. ಯಾವ ಕೈ ಮುಂದೆ ಬಂತೋ ಆ ಕೈ. ಬಲಗೈಯೇ ಮೊದಲು ಮುಂದೆ ಬರುವುದು ನಮ್ಮ ಜನರ ರೂಢಿ. ಎಡಗೈ ಕೊಟ್ಟರೆ ಬೈಯಿಸಿಕೊಂಡು ಬೆಳೆದವರು ನಾವು. ದುಡ್ಡು ಇದ್ದವರು ಗೋಕರ್ಣಕ್ಕೋ ಗೋವೆಗೋ ಹೋಗಿ ತೋಳು ತುಂಬ ಬರೆಸಿಕೊಂಡು ಬರುತ್ತಾರೆ. ಅವರಲ್ಲಿ ಭರ್ತಿಗೆ ನಿಲ್ಲುವವರು ಕಮ್ಮಿ.

ಹಚ್ಚೆ ಮೊದಲು ಗಂಡಸರ ಷೋಕಿಯಾಗಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಅದು ಹೆಂಗಸರ ಮೈಮೇಲಿನ ಒಡವೆ. ಕೊರವ ಹೆಂಗಸರು ಊರೂರು ಅಲೆಯುತ್ತ ಜಗಲಿಯ ಮೇಲೆ ಕೂತು ಚುಚ್ಚುತ್ತಿದ್ದರು. ದೀಪದ ಕಾಡಿಗೆಗೆ ಸೊಪ್ಪಿನ ರಸ ಕಲಸಿ, ಮೂರು ನಾಲ್ಕು ಸೂಜಿಗಳನ್ನು ಒಟ್ಟಿಗೆ ಕಟ್ಟಿ, ನೋವು ಮರೆಯಲೆಂದು ಹಾಡು ಹೇಳುತ್ತ. ಕೂಲಿಗೆ ಅಕ್ಕಿ, ಕಾಯಿ, ಹಳೇ ಸೀರೆ. ಮುಂಗೈಯಲ್ಲಿ ತುಳಸಿಕಟ್ಟೆ, ತೊಟ್ಟಿಲು, ಚುಕ್ಕಿಗಳ ಸಾಲು. ಹುಬ್ಬಿನ ನಡುವೆ, ಗಲ್ಲದ ಮೇಲೆ ಒಂದೊಂದು ಬೊಟ್ಟು. ಸತ್ತಾಗ ಒಡವೆ ಬಿಚ್ಚಿಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ನಂಬಿಕೆ. ಹಳೆಯ ತಲೆಮಾರಿನ ಅಜ್ಜಿಯರ ಕೈಯಲ್ಲಿ ಮಾಸಿದ ಹಸಿರಿನಲ್ಲಿ ಅದು ಈಗಲೂ ಉಂಟು. ಮೊಮ್ಮಗನ ಕೈಗೆ ಅದು ಬಂದದ್ದು ಅಜ್ಜಿಯಿಂದಲ್ಲ, ಸಿನಿಮಾದಿಂದ ಮತ್ತು ಕ್ರಿಕೆಟ್ ಆಟಗಾರರಿಂದ.

ಸೇನೆಗೆ ಇದರಲ್ಲಿ ಏನು ತಕರಾರು? ಕೇಳಿದರೆ ಸಿಗುವ ಉತ್ತರಗಳು ಹಲವು, ಎಲ್ಲಕ್ಕೂ ಒಂದೇ ತೂಕವಿಲ್ಲ. ಸೂಜಿಯ ಸೋಂಕು ನಿಜವಾದ ಕಾರಣ. ಜಾತ್ರೆಯಲ್ಲಿ ಒಂದೇ ಸೂಜಿ ಹತ್ತು ಕೈ ಮುಟ್ಟಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡುವ ಭಯವುಂಟು. ಹಚ್ಚೆ ಹಾಕಿಸಿಕೊಂಡವರ ರಕ್ತವನ್ನು ಒಂದು ವರ್ಷ ತೆಗೆದುಕೊಳ್ಳಬಾರದು ಎಂದು ರಕ್ತನಿಧಿಗಳ ನಿಯಮವೇ ಇದೆ. ಮಸಿಯದೂ ಒಂದು ಕಥೆ. 2025ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಹಚ್ಚೆಯ ಮಸಿಯ ಮಾದರಿಗಳಲ್ಲಿ 22 ಬಗೆಯ ಲೋಹಗಳು ಕಂಡಿವೆ, ಅದಕ್ಕೊಂದು ಗುಣಮಟ್ಟದ ನಿಯಮ ಮಾಡಿ ಎಂದು ಕೇಂದ್ರಕ್ಕೆ ಬರೆಯುವುದಾಗಿ ಹೇಳಿದ್ದರು. ಆದರೆ ಸೋಂಕೇ ಕಾರಣವಾದರೆ ಎಡಗೈಯ ಸೂಜಿ ಬಲಗೈಯ ಸೂಜಿಗಿಂತ ಶುದ್ಧವೇ? ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುವುದನ್ನು ಚಿತ್ರದ ಜಾಗ ನೋಡಿ ತೀರ್ಮಾನಿಸುವುದು ವೈದ್ಯವಂತೂ ಅಲ್ಲ.

ಇನ್ನು ಶಿಸ್ತು, ಏಕರೂಪ. ಸಾಲಾಗಿ ನಿಂತ ನೂರು ಜನರಲ್ಲಿ ಯಾರೂ ಬೇರೆಯಾಗಿ ಕಾಣಬಾರದು ಎಂಬುದು ಎಲ್ಲ ಸೇನೆಗಳ ಹಳೆಯ ಆಸೆ. ತಲೆಗೂದಲು ಇಷ್ಟೇ, ಮೀಸೆ ಇಷ್ಟೇ, ಬೂಟಿನ ಹೊಳಪು ಇಷ್ಟು. ಎನ್‌ಸಿಸಿ ಪರೇಡಿಗೆ ಹೋದ ಕಾಲೇಜು ಹುಡುಗರಿಗೂ ಇದರ ರುಚಿ ಗೊತ್ತು. ಸೆಲ್ಯೂಟ್ ಹೊಡೆದಾಗ ಎದುರಿನವರ ಕಣ್ಣಿಗೆ ಬೀಳುವುದು ಬಲಗೈ. ಅಲ್ಲಿ ಗೆಳತಿಯ ಹೆಸರೋ ಚೇಳೋ ಕಾಣಬಾರದು ಎಂಬ ಮಾತಿನಲ್ಲಿ ಒಂದು ಅರ್ಥವಿದೆ. ಅರ್ಥವಿದೆ ಎಂದಮೇಲೆ, ಅದೇ ಬಲಗೈಯಿಂದ ಸೆಲ್ಯೂಟ್ ಹೊಡೆಯುವ ಭೂಸೇನೆಗೆ ಅದೇಕೆ ತೊಂದರೆ ಕೊಡುವುದಿಲ್ಲ ಎಂಬ ಪ್ರಶ್ನೆಯೂ ಇದೆ.

ಸಿಪಾಯಿಯ ಮೈಮೇಲೆ ಏನಿರಬೇಕು, ಏನಿರಬಾರದು ಎಂಬ ಜಗಳ ಈ ನೆಲಕ್ಕೆ ಹೊಸತಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಸೋಂದೆ ಸೀಮೆ ಸೇರಿ ಇಡೀ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿಗೆ ಹೋಗುವವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವೆಲ್ಲ ಮದರಾಸಿನ ಆಡಳಿತದಲ್ಲಿದ್ದವು. ಅದೇ ಮದರಾಸಿನ ಸೇನೆಗೆ 1805ರ ನವೆಂಬರ್‌ನಲ್ಲಿ ದಂಡನಾಯಕ ಸರ್ ಜಾನ್ ಕ್ರಾಡಕ್ ಕಾಲದಲ್ಲಿ ಹೊಸ ಆದೇಶ ಬಂತು. ಪರೇಡಿನಲ್ಲಿ ಹಣೆಯ ಮೇಲೆ ನಾಮ, ವಿಭೂತಿ ಇರಕೂಡದು. ಕಿವಿಯಲ್ಲಿ ಒಂಟಿ ಇರಕೂಡದು. ಗಡ್ಡ ಬೋಳಿಸಬೇಕು, ಮೀಸೆ ಎಲ್ಲರದೂ ಒಂದೇ ಮಾದರಿ. ರುಮಾಲಿನ ಬದಲು ತೊಗಲಿನ ಕುಚ್ಚು ಇರುವ ಹೊಸ ಟೋಪಿ. ಒಲ್ಲೆವೆಂದವರಲ್ಲಿ ಒಬ್ಬ ಹಿಂದೂ, ಒಬ್ಬ ಮುಸ್ಲಿಂ ಸಿಪಾಯಿಗೆ ತಲಾ 900 ಚಡಿಯೇಟು ವಿಧಿಸಿದರು. ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ವೆಲ್ಲೂರಿನ ಕೋಟೆಯಲ್ಲಿ 1806ರ ಜುಲೈ 10ರ ಬೆಳಗಿನ ಜಾವ ಸಿಪಾಯಿಗಳು ತಿರುಗಿಬಿದ್ದರು. ಬ್ರಿಟಿಷ್ ಪಡೆಯ ನೂರಕ್ಕೂ ಮಿಕ್ಕಿ ಜನ ಸತ್ತರು. ಆರ್ಕಾಟಿನಿಂದ ಕುದುರೆ ಪಡೆ ಬಂದ ಮೇಲೆ ಸತ್ತ ಸಿಪಾಯಿಗಳು ಅದಕ್ಕಿಂತ ಎಷ್ಟೋ ಹೆಚ್ಚು. ಆದೇಶ ವಾಪಸಾಯಿತು. ಕ್ರಾಡಕ್ ಮತ್ತು ಗವರ್ನರ್ ಬೆಂಟಿಂಕ್ ಇಬ್ಬರನ್ನೂ ಲಂಡನ್ ಹಿಂದಕ್ಕೆ ಕರೆಸಿಕೊಂಡಿತು.

ಟಿಪ್ಪುವಿನ ಮನೆಯವರ ಪಿತೂರಿ ಎಷ್ಟು, ಟೋಪಿಯ ಸಿಟ್ಟು ಎಷ್ಟು ಎಂದು ಚರಿತ್ರೆಕಾರರು ಇಂದಿಗೂ ತೂಗುತ್ತಾರೆ. ನನಗೆ ಕಾಣುವುದಿಷ್ಟು: ಇಂದಿನ ಅಧಿಸೂಚನೆಯಲ್ಲಿ ಧಾರ್ಮಿಕ ಚಿಹ್ನೆಗೆ ಮೊದಲ ಸಾಲಿನಲ್ಲೇ ಜಾಗ ಸಿಕ್ಕಿರುವುದರ ಹಿಂದೆ ವೆಲ್ಲೂರಿನ ಪಾಠ ಇದ್ದೀತು. ಹಣೆಯ ನಾಮಕ್ಕೆ ಕೈಹಾಕಿ ಸುಟ್ಟುಕೊಂಡ ಸೇನೆಯ ವಾರಸುದಾರರು ಮುಂಗೈಯ ಓಂ ಅನ್ನು ಮುಟ್ಟಲಾರರು.

ಅದೇ ಕಾಲದ ಸರ್ಕಾರ ತಾನೇ ಹಚ್ಚೆ ಹಾಕುತ್ತಿತ್ತು ಎಂಬುದನ್ನೂ ಸೇರಿಸಬೇಕು. ಬಂಗಾಳದಲ್ಲಿ 1797ರಿಂದ ಜೀವಾವಧಿ ಕೈದಿಗಳ ಹಣೆಯ ಮೇಲೆ ಅಪರಾಧದ ಹೆಸರನ್ನು ಚುಚ್ಚುತ್ತಿದ್ದರು, ನಿಂತದ್ದು 1849ರಲ್ಲಿ. ಬ್ರಿಟನ್ನಿನ ಸೇನೆ ಓಡಿಹೋಗಿ ಸಿಕ್ಕಿಬಿದ್ದ ಸಿಪಾಯಿಯ ಮೈಮೇಲೆ ‘ಡಿ’ ಎಂಬ ಅಕ್ಷರ ಚುಚ್ಚುವ ಪದ್ಧತಿಯನ್ನು 1871ರವರೆಗೂ ಬಿಡಲಿಲ್ಲ. ಇದಾದ ಹತ್ತೇ ವರ್ಷಕ್ಕೆ ಅದೇ ದೇಶದ ರಾಜಕುಮಾರ ಜಾರ್ಜ್ ನೌಕಾಪಡೆಯ ಹುಡುಗನಾಗಿ ಜಪಾನಿಗೆ ಹೋಗಿ ತೋಳಿನ ಮೇಲೆ ಡ್ರ್ಯಾಗನ್ ಬರೆಸಿಕೊಂಡು ಬಂದ. ಮುಂದೆ ಐದನೇ ಜಾರ್ಜ್ ಆಗಿ 1911ರಲ್ಲಿ ದಿಲ್ಲಿ ದರ್ಬಾರಿನಲ್ಲಿ ಕೂತವನು ಅವನೇ. ನಮ್ಮ ಕಾನ್‌ಸ್ಟೆಬಲ್ ಭರ್ತಿಯ ಮೆಡಿಕಲ್‌ನಲ್ಲಿ ಚಕ್ರವರ್ತಿಗಳು ಪಾಸಾಗುತ್ತಿದ್ದರೋ ಇಲ್ಲವೋ, ಅದು ಡ್ರ್ಯಾಗನ್ನಿನ ಗಾತ್ರಕ್ಕೆ ಬಿಟ್ಟ ವಿಷಯ.

ಇಂದಿನ ನಮ್ಮ ಭೂಸೇನೆಯ ನಿಯಮದಲ್ಲಿ ಒಂದು ರಿಯಾಯಿತಿ ಇದೆ. ಈ ತಾಲ್ಲೂಕುಗಳ ಮಟ್ಟಿಗೆ ಎಲ್ಲಕ್ಕಿಂತ ಸಿಕ್ಕಾದ ಸಾಲು ಅದೇ. ಭಾರತ ಸರ್ಕಾರ ಘೋಷಿಸಿದ ಬುಡಕಟ್ಟು ಸಮುದಾಯ ಅಥವಾ ಪ್ರದೇಶದ ಅಭ್ಯರ್ಥಿಗೆ, ಅವನ ಬುಡಕಟ್ಟಿನ ರೂಢಿ ಸಂಪ್ರದಾಯದಂತೆ ಹಾಕಿದ ಹಚ್ಚೆ ಮೈಯ ಯಾವ ಭಾಗದಲ್ಲಿದ್ದರೂ ಪ್ರಕರಣ ನೋಡಿ ಒಪ್ಪಬಹುದು. ನಾಗಾಲ್ಯಾಂಡಿನ ಕೊನ್ಯಾಕರ ಮುಖದ ಹಚ್ಚೆಯನ್ನು ನೆನೆದರೆ ಇದರ ಅಗತ್ಯ ಅರ್ಥವಾಗುತ್ತದೆ. ಉತ್ತರ ಕನ್ನಡಕ್ಕೆ ಬಂದರೆ ಅದು ಹಚ್ಚೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಪಟ್ಟಿಯ ಪ್ರಶ್ನೆಯಾಗುತ್ತದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿಯ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಗೋವೆಯ ಮೂಲಕ ಬಂದ ಆಫ್ರಿಕಾ ಮೂಲದವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರ ಜನವರಿಯಲ್ಲಿ. ‘ಉತ್ತರ ಕನ್ನಡ ಜಿಲ್ಲೆಯಲ್ಲಿ’ ಎಂಬ ಆವರಣದೊಳಗೆ. ಯಲ್ಲಾಪುರದ ಗಡಿ ದಾಟಿ ಧಾರವಾಡ ಜಿಲ್ಲೆಗೆ ಕಾಲಿಟ್ಟರೆ ಅದೇ ಸಿದ್ದಿ, ಅದೇ ಮನೆತನದ ನೆಂಟ, ಪಟ್ಟಿಯಲ್ಲಿರಲಿಲ್ಲ. ಧಾರವಾಡ, ಬೆಳಗಾವಿಯವರು ಸೇರಿದ್ದು 2020ರ ತಿದ್ದುಪಡಿಯಲ್ಲಿ. 2003ರ ಅದೇ ಕಾಯ್ದೆ ಗೋವೆಯ ಕುಣಬಿಗಳನ್ನು ಪಟ್ಟಿಗೆ ಸೇರಿಸಿತು. ಗೋವೆಗೆ ಬೆನ್ನು ಹಚ್ಚಿಕೊಂಡಿರುವ ನಮ್ಮ ಜೊಯಿಡಾದ ಕುಣಬಿಗಳು ಇನ್ನೂ ಅರ್ಜಿ ಹಿಡಿದು ನಿಂತಿದ್ದಾರೆ. ಘಟ್ಟದ ಕೆಳಗಿನ ಹಾಲಕ್ಕಿ ಒಕ್ಕಲಿಗರದು, ಯಲ್ಲಾಪುರ ಮುಂಡಗೋಡದ ಗೌಳಿಗಳದೂ ಅದೇ ಬೇಡಿಕೆ. ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಗಿಡಮರ ಬೆಳೆಸಿದ ತುಳಸಿ ಗೌಡ ಇಬ್ಬರಿಗೂ ಪದ್ಮಶ್ರೀ ಬಂತು; ಅವರ ಹಾಲಕ್ಕಿ ಸಮುದಾಯಕ್ಕೆ ಪಟ್ಟಿಯಲ್ಲಿ ಸ್ಥಾನ ಬರಲಿಲ್ಲ, ಇಬ್ಬರೂ ತೀರಿಕೊಂಡರು.

ಪಟ್ಟಿಯ ಬೆಲೆ ಭರ್ತಿಯ ಮೈದಾನದಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕೇಂದ್ರ ಪಡೆಗಳಿಗೆ ಗಂಡಸರ ಎತ್ತರ 170 ಸೆಂ.ಮೀ. ಇರಬೇಕು, ಪರಿಶಿಷ್ಟ ಪಂಗಡಕ್ಕೆ 162.5 ಸಾಕು. ಕಾಡಿನಲ್ಲಿ ಒಂದೇ ಗಂಜಿ ಕುಡಿದು ಬೆಳೆದ ಸಿದ್ದಿ ಹುಡುಗನಿಗೂ ಗೌಳಿ ಹುಡುಗನಿಗೂ ನಡುವೆ ಏಳೂವರೆ ಸೆಂಟಿಮೀಟರ್ ಕಾನೂನು ನಿಂತಿದೆ. ಸೇನೆಯ ಹಚ್ಚೆಯ ರಿಯಾಯಿತಿಯೂ ಅದೇ ಗೆರೆಯ ಮೇಲೆ ಹಾದುಹೋಗುತ್ತದೆ.

ಆದರೂ ಈ ರಿಯಾಯಿತಿಯಿಂದ ಇಲ್ಲಿ ಯಾರಿಗಾದರೂ ಉಪಯೋಗವಾದೀತು ಎಂದು ನನಗನಿಸುವುದಿಲ್ಲ. ಇಲ್ಲಿ ರೂಢಿಯ ಹಚ್ಚೆ ಹೆಂಗಸರದು. ಭರ್ತಿಗೆ ನಿಲ್ಲುವವರು ಹೆಚ್ಚಾಗಿ ಗಂಡು ಹುಡುಗರು. ಅವರ ಕೈಯಲ್ಲಿರುವುದು ಜಾತ್ರೆಯ ತ್ರಿಶೂಲ. ಅದು ಯಾವ ಬುಡಕಟ್ಟಿನ ಸಂಪ್ರದಾಯ ಎಂದು ಯಾವ ತಹಶೀಲ್ದಾರರೂ ಬರೆದುಕೊಡಲಾರರು. ಹೆಣ್ಣುಮಕ್ಕಳಿಗೆ ಸೇನೆಯ ಸಿಪಾಯಿ ದರ್ಜೆಯ ಬಾಗಿಲು ತೆರೆದದ್ದೇ ತೀರಾ ಇತ್ತೀಚೆಗೆ. 2019ರಲ್ಲಿ ಬೆಳಗಾವಿಯಲ್ಲಿ ಮಿಲಿಟರಿ ಪೊಲೀಸ್ ದಳಕ್ಕೆ ಮಹಿಳೆಯರ ರ್‍ಯಾಲಿ ನಡೆಯಿತು. ಮೊದಲ ತಂಡದ 83 ಮಂದಿ 2021ರ ಮೇನಲ್ಲಿ ಬೆಂಗಳೂರಿನ ಕೇಂದ್ರದಿಂದ ತರಬೇತಿ ಮುಗಿಸಿ ಹೊರಬಿದ್ದರು. ಅಷ್ಟು ಹೊತ್ತಿಗೆ ಕೊರವಂಜಿಯ ಸೂಜಿ ಹಳ್ಳಿಯ ಜಗಲಿಯಿಂದ ಎದ್ದುಹೋಗಿತ್ತು. ರಿಯಾಯಿತಿ ಬರುವ ಹೊತ್ತಿಗೆ ರೂಢಿ ಇರಲಿಲ್ಲ, ರೂಢಿ ಇದ್ದಾಗ ಭರ್ತಿ ಇರಲಿಲ್ಲ.

ಮೆಡಿಕಲ್‌ನಲ್ಲಿ ಬಿದ್ದವರಲ್ಲಿ ಕೆಲವರು ಕೋರ್ಟಿಗೆ ಹೋಗಿದ್ದಾರೆ, ಗೆದ್ದದ್ದೂ ಇದೆ. ಸಿಐಎಸ್‌ಎಫ್‌ಗೆ ಅರ್ಜಿ ಹಾಕಿದ್ದ ಸೊಲ್ಲಾಪುರದ ಕಡೆಯ ಯುವಕನೊಬ್ಬನ ಬಲಗೈಯಲ್ಲಿ ಧಾರ್ಮಿಕ ಹಚ್ಚೆಯಿತ್ತು. ಅಷ್ಟರಲ್ಲಾಗಲೇ ಅವನು ಅದರ ಶೇ 90ರಷ್ಟನ್ನು ತೆಗೆಸಿದ್ದ. ಬಾಂಬೆ ಹೈಕೋರ್ಟ್ ಅವನ ಪರ ನಿಂತಿತು. 2022ರ ನವೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟ್ ಬಲಗೈ ಹಿಂಬದಿಯ ಹಚ್ಚೆಯ ಪ್ರಕರಣದಲ್ಲಿ ಮಧ್ಯದ ದಾರಿ ಹಿಡಿಯಿತು: ಎರಡು ವಾರದಲ್ಲಿ ತೆಗೆಸಿ, ಮತ್ತೆ ವೈದ್ಯ ಮಂಡಳಿಯೆದುರು ಹಾಜರಾಗು. 2024ರಲ್ಲಿ ಅದೇ ನ್ಯಾಯಾಲಯ ದಿಲ್ಲಿ ಪೊಲೀಸ್ ಭರ್ತಿಯ ಅಭ್ಯರ್ಥಿಯೊಬ್ಬನ ಮುಂಗೈಯನ್ನು ಖುದ್ದು ನೋಡಿ, ಬರಿಗಣ್ಣಿಗೆ ಕಾಣುವಂತೆಯೇ ಇಲ್ಲ ಎಂದು ಅವನ ಕಡೆ ತೀರ್ಪು ಕೊಟ್ಟಿತು. ನ್ಯಾಯಮೂರ್ತಿಗಳು ಕನ್ನಡಕ ಏರಿಸಿ ಹುಡುಗನ ಕೈ ನೋಡುವ ದೃಶ್ಯವನ್ನು ಊಹಿಸಿಕೊಳ್ಳಿ. ಜ್ಯೋತಿಷಿಗಳು ನೋಡುವುದೂ ಕೈಯನ್ನೇ, ಭವಿಷ್ಯಕ್ಕಾಗಿಯೇ.

ಇವರೆಲ್ಲ ದಿಲ್ಲಿ, ಮುಂಬಯಿಯ ವಕೀಲರನ್ನು ಮುಟ್ಟಬಲ್ಲವರು. ಸಿದ್ದಾಪುರದ ಹಳ್ಳಿಯ ಹುಡುಗನಿಗೆ ಮೊದಲ ಸಮಸ್ಯೆ ಲೇಸರ್ ಎಲ್ಲಿದೆ ಎಂಬುದು. ಹಚ್ಚೆ ಅಳಿಸುವ ಲೇಸರ್ ಮಸಿಯ ಕಣಗಳನ್ನು ಒಡೆದು ಪುಡಿಮಾಡುತ್ತದೆ, ಆ ಪುಡಿಯನ್ನು ಮೈಯೇ ನಿಧಾನವಾಗಿ ಸಾಗಿಸಬೇಕು. ಹಾಗಾಗಿ ಒಂದು ಸುತ್ತಿಗೂ ಮತ್ತೊಂದಕ್ಕೂ ನಡುವೆ ಆರೆಂಟು ವಾರ ಬಿಡಬೇಕು, ಸುತ್ತುಗಳು ಹಲವು ಬೇಕು. ಕಪ್ಪು ಮಸಿ ಬೇಗ ಹೋಗುತ್ತದೆ. ಹಸಿರು, ಹಳದಿ ಹಟಮಾರಿ. ನಮ್ಮ ಜಾತ್ರೆಯ ಮಸಿ ಹಸಿರು ಕಡೆಗೇ ವಾಲುವಂಥದು. ಲೇಸರ್ ಹಾಗಿರಲಿ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯೇ ಬೇಕೆಂದು 2022ರಲ್ಲಿ ಇಡೀ ಜಿಲ್ಲೆ ಕೂಗೆಬ್ಬಿಸಿತ್ತು. ಎದೆನೋವಿಗೇ ಹುಬ್ಬಳ್ಳಿ, ಮಂಗಳೂರು, ಮಣಿಪಾಲಕ್ಕೆ ಓಡುವ ಜನ ನಾವು. ಹಚ್ಚೆಗೂ ಹುಬ್ಬಳ್ಳಿಯೇ ಗತಿ. ಶಿರಸಿಯಿಂದ ನೂರು ಕಿಲೋಮೀಟರ್, ಸುತ್ತಿಗೊಮ್ಮೆ ಬಸ್ಸು, ಸಾವಿರಾರು ರೂಪಾಯಿ. ರ್‍ಯಾಲಿಯ ಕರೆ ಬಂದ ಮೇಲೆ ಹೊರಟರೆ ಕಾಲ ಸಾಲದು. ಅವಸರಕ್ಕೆ ಸುಣ್ಣವೋ ಆಸಿಡ್ಡೋ ಹಚ್ಚಿ ತಿಕ್ಕಿದರೆ ಹಚ್ಚೆಯ ಜಾಗದಲ್ಲಿ ಸುಟ್ಟ ಕಲೆ ನಿಲ್ಲುತ್ತದೆ, ಡಾಕ್ಟರಿಗೆ ಬರೆಯಲು ಇನ್ನೊಂದು ಕಾರಣ ಸಿಗುತ್ತದೆ.

ಪಡೆಗೊಂದು ನಿಯಮ ಎಂಬುದು ಹಚ್ಚೆಗೆ ಮಾತ್ರವಲ್ಲ, ಗಡ್ಡದ ವಿಷಯದಲ್ಲೂ ಮೂರು ಪಡೆಗಳದು ಮೂರು ದಾರಿ. ನೌಕಾಪಡೆಯಲ್ಲಿ ಅನುಮತಿ ಪಡೆದು ಪೂರ್ತಿ ಗಡ್ಡಮೀಸೆ ಬಿಡಬಹುದು. ಸೇನೆಯಲ್ಲಿ ಸಿಖ್ಖರ ಕೇಶಕ್ಕೆ ರಕ್ಷಣೆಯಿದೆ. ವಾಯುಪಡೆಯಲ್ಲಿ ಗಡ್ಡ ಬಿಟ್ಟ ಮುಸ್ಲಿಂ ಸಿಬ್ಬಂದಿಯೊಬ್ಬರ ಪ್ರಕರಣವನ್ನು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ತೀರ್ಮಾನಿಸಿತು: ಕೂದಲು ಕತ್ತರಿಸಲೇಬಾರದು ಎಂದು ಧರ್ಮವೇ ಹೇಳಿದ್ದರೆ ಮಾತ್ರ ವಿನಾಯಿತಿ, ಇಲ್ಲವಾದರೆ ಏಕರೂಪದ ನಿಯಮವೇ ಮೇಲು.

ಹೊರಗಿನ ಸೇನೆಗಳನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅಮೆರಿಕದ ಸೇನೆ 2022ರ ಜೂನ್‌ನಲ್ಲಿ ಕೈಗೊಂದರಂತೆ ಒಂದಿಂಚಿನ ಹಚ್ಚೆಗೆ, ಕುತ್ತಿಗೆಯ ಹಿಂದೆ ಎರಡು ಇಂಚಿನದಕ್ಕೆ, ಕಿವಿಯ ಹಿಂದಿನ ಸಣ್ಣದಕ್ಕೂ ಒಪ್ಪಿಗೆ ಕೊಟ್ಟಿತು. 1916ರಲ್ಲಿ ಮೀಸೆ ಕಡ್ಡಾಯವನ್ನು ಕೈಬಿಟ್ಟಿದ್ದ ಬ್ರಿಟಿಷ್ ಸೇನೆ 2024ರ ಮಾರ್ಚ್‌ನಲ್ಲಿ ಗಡ್ಡಕ್ಕೂ ಹೂಂಗುಟ್ಟಿತು. ಎರಡೂ ಸೇನೆಗಳಿಗೆ ಆಗ ಜನ ಸಿಗದ ಕಷ್ಟ. ಸೇರಲು ಬರುವವರಿಲ್ಲದಾಗ ಮೈಮೇಲಿನ ಚಿತ್ರ ಶಿಸ್ತಿಗೆ ಅಡ್ಡಿಯಾಗಲಿಲ್ಲ. ನಮ್ಮಲ್ಲಿ, 2024ರ ಆ ಪರೀಕ್ಷೆಯ ಮೊದಲ ಪ್ರಕಟಣೆಯ ಲೆಕ್ಕದಲ್ಲಿ, ಒಂದು ಹುದ್ದೆಗೆ ನೂರೆಂಬತ್ತಕ್ಕೂ ಹೆಚ್ಚು ಅಭ್ಯರ್ಥಿಗಳು. ಇಲ್ಲಿ ನಿಯಮ ಸಡಿಲಿಸಬೇಕಾದ ದರ್ದು ಯಾರಿಗೂ ಇಲ್ಲ. ಬದಲಿಗೆ ಜನರನ್ನು ಕಳೆಯಲು ಏನಾದರೊಂದು ಬೇಕು. ಓಟ ಒಂದು ಜರಡಿ, ಎತ್ತರ ಒಂದು ಜರಡಿ, ಹಚ್ಚೆ ಇನ್ನೊಂದು. ಓಟವನ್ನು ಅಭ್ಯಾಸದಿಂದ ಗೆಲ್ಲಬಹುದು. ಎತ್ತರ ಕೈಯಲ್ಲಿಲ್ಲವೆಂದು ಮನೆಯವರೇ ಸಮಾಧಾನ ಹೇಳುತ್ತಾರೆ. ಹಚ್ಚೆಯಲ್ಲಿ ಬಿದ್ದವನಿಗೆ ಸಮಾಧಾನ ಹೇಳುವವರಿಲ್ಲ, ಬೈಯುವವರೇ ಎಲ್ಲ. ಈ ಜರಡಿಯಿಂದ ತಪ್ಪಿಸಿಕೊಳ್ಳಲು ಬೇಕಾದದ್ದು ಹದಿಮೂರನೇ ವಯಸ್ಸಿಗೇ ಒಂದು ಸಾಲು ತಿಳಿದಿರುವುದು, ಅಷ್ಟೇ. ನಿವೃತ್ತ ಸೈನಿಕರಿರುವ ಮನೆಗಳಲ್ಲಿ, ದೊಡ್ಡ ಊರಿನ ಕೋಚಿಂಗ್ ಕೇಂದ್ರಗಳಲ್ಲಿ ಅದು ಎಲ್ಲರಿಗೂ ಗೊತ್ತು. ಸೈನಿಕರೇ ಇಲ್ಲದ ಕೇರಿಯಲ್ಲಿ ಯಾರು ಹೇಳಬೇಕು?

ಗೊತ್ತಿದ್ದವರಿಗೂ ಲೆಕ್ಕ ತಪ್ಪುವ ಒಂದು ಜಾಗ ಮುಂದೆ ಕಾದಿದೆ. ಭೂಸೇನೆಯ ಅಗ್ನಿವೀರರ ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ ಮುಗಿಯುವುದು 2027ರ ಆರಂಭಕ್ಕೆ. ಸೇನೆ ಉಳಿಸಿಕೊಳ್ಳದ ಮುಕ್ಕಾಲು ಪಾಲು ಹುಡುಗರಿಗೆ ಕೇಂದ್ರ ಪಡೆಗಳಲ್ಲಿ ಮೀಸಲಾತಿ ಕೊಡುವುದಾಗಿ ಗೃಹ ಸಚಿವಾಲಯ 2022ರಲ್ಲೇ ಹೇಳಿದೆ. ಬಿಎಸ್‌ಎಫ್ 2023ರ ಮಾರ್ಚ್‌ನಲ್ಲಿ ನಿಯಮ ತಿದ್ದಿ ಅವರಿಗೆ ವಯಸ್ಸಿನಲ್ಲಿ ಸಡಿಲಿಕೆ ಕೊಟ್ಟಿತು, ದೈಹಿಕ ಸಾಮರ್ಥ್ಯದ ಪರೀಕ್ಷೆಯಿಂದ ವಿನಾಯಿತಿಯನ್ನೂ ಕೊಟ್ಟಿತು. ನಾಲ್ಕು ವರ್ಷ ಬಂದೂಕು ಹೊತ್ತವನನ್ನು ಮತ್ತೆ ಓಡಿಸಿ ನೋಡುವುದು ಬೇಡ ಎಂಬುದು ಸರಿಯಾದ ಮಾತೇ. ಹಚ್ಚೆಯ ಬಗ್ಗೆ ಆ ತಿದ್ದುಪಡಿಯಲ್ಲಿ ಏನೂ ಇಲ್ಲ. ಬಲ ಮುಂಗೈಯ ‘ಅಮ್ಮ’ನೊಡನೆ ಸೇನೆ ಸೇರಿ, ಅದೇ ಕೈಯಿಂದ ನಾಲ್ಕು ವರ್ಷ ಸೆಲ್ಯೂಟ್ ಹೊಡೆದು, ಮರಳಿ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕ್ ಇಳಿಸುವ ಹುಡುಗನೊಬ್ಬನಿದ್ದರೆ, ಬಿಎಸ್‌ಎಫ್ ಅರ್ಜಿ ತುಂಬುವ ಮೊದಲು ಅವನು ಹುಬ್ಬಳ್ಳಿಯ ಲೇಸರ್ ದರ ವಿಚಾರಿಸಬೇಕು.